ಹಳದಿ ಕಣ್ಣಿನ ವರ್ಷ

ಜೂನ್ 4

ಗುಬ್ಬಿಯವರಿಗೆ,

ನೀವು ನನಗೆ ನಾದಿನಿಯಾದರೂ ಈ ಹೆಸರು ಹಿಡಿದು ಕರೆಯುವಷ್ಟು ಸಲುಗೆ ನಮಗಿನ್ನೂ ಇಲ್ಲ. ಆದರೆ ಈ ಮನೆಯಲ್ಲಿ ಎಲ್ಲರ ಬಾಯಲ್ಲೂ ನೀವು ಗುಬ್ಬಿಯೇ. ಅದಕ್ಕೊಂದು ‘ಅವರು’ ಸೇರಿಸಿ ಧೈರ್ಯ ಮಾಡಿದ್ದೇನೆ. ಮದುವೆಗೆ ಬಂದವರು ನನ್ನ ಕಿವಿಯಲ್ಲಿ, “ನಮ್ಮಣ್ಣ ಗೊರಕೆ ಹೊಡೀತಾನೆ, ಅದೊಂದು ಬಿಟ್ರೆ ಒಳ್ಳೆಯವನು” ಎಂದು ಹೇಳಿ ರೈಲು ಹತ್ತಿಬಿಟ್ಟಿರಿ. ಆಮೇಲೆ ನಾವಿಬ್ಬರೂ ನೆಟ್ಟಗೆ ಮಾತಾಡಿದ್ದೇ ಇಲ್ಲ.

ನಿಮ್ಮಣ್ಣನಿಗೆ ಕಾಮಾಲೆ. ಮೂರು ವಾರದಿಂದ ಸುಸ್ತು ಎನ್ನುತ್ತಿದ್ದರು. ಊಟದ ವಾಸನೆಗೇ ಮುಖ ತಿರುಗಿಸುತ್ತಿದ್ದರು. ಬೆಳಗಾದರೆ ಈಜುಕೊಳಕ್ಕೆ ಓಡುವ ಮನುಷ್ಯ ಹಾಸಿಗೆಯ ಅಂಚಿನಲ್ಲಿ ಕೂತು ಚಪ್ಪಲಿಯನ್ನೇ ನೋಡುತ್ತಿದ್ದರು. ಕೊನೆಗೆ ಅವರ ಹತ್ತಿರ ಈಜು ಕಲಿಯುವ ಒಂದು ಪುಟ್ಟ ಹುಡುಗಿ ನೀರಿನಿಂದ ತಲೆ ಎತ್ತಿ, “ಸರ್, ನಿಮ್ಮ ಕಣ್ಣು ಯಾಕೆ ಹಳದಿ?” ಎಂದು ಕೇಳಿದಳಂತೆ. ಆಗ ಆಸ್ಪತ್ರೆಗೆ ಹೋದೆವು. ಹೆಪಟೈಟಿಸ್ ಬಿ ಎಂದರು.

ವೈದ್ಯೆ ಮಿತಭಾಷಿ. ಹಳೆಯ ಸೂಜಿ, ಹಚ್ಚೆ, ಬೇರೆಯವರ ಕ್ಷೌರದ ಬ್ಲೇಡು, ರಕ್ತ ಹಾಕಿಸಿಕೊಂಡದ್ದು, ಎಲ್ಲ ಕೇಳಿದರು. ನಿಮ್ಮಣ್ಣ, “ಈ ವರ್ಷ ನಾನು ಹೊಸದಾಗಿ ಮಾಡಿದ್ದು ಅಂದ್ರೆ ಮದುವೆ ಒಂದೇ” ಎಂದು ನಕ್ಕರು. ವೈದ್ಯೆ ನಗಲಿಲ್ಲ. ಚೀಟಿಯಲ್ಲಿ ಏನೋ ಬರೆದುಕೊಂಡರು. ಕೊಳದ ನೀರಿನಿಂದಲೇ ಬಂದಿದೆ ಎಂದು ಅತ್ತೆ ಹಟ ಹಿಡಿದಿದ್ದಾರೆ. ನೀರಿನಿಂದ ಬರುವುದು ಬೇರೆ ಕಾಮಾಲೆ ಎಂದರೆ ಕೇಳುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಯ ಗೋಡೆಗಳು ತೆಳು. ಅಲ್ಲದೆ ಇಡೀ ದಿನ ಮುದ್ರಣಾಲಯದಲ್ಲಿ ಬೇರೆಯವರ ಬರಹದ ಕರಡು ತಿದ್ದುವ ನನಗೆ ಬಾಯಿಗಿಂತ ಕೈಯೇ ಚುರುಕು. ನೀವು ಪ್ರಯೋಗಾಲಯದಲ್ಲಿ ಇಂಥದ್ದನ್ನೇ ಓದುವವರು ಎಂದು ನಿಮ್ಮಣ್ಣ ಹೆಮ್ಮೆಯಿಂದ ಹೇಳುತ್ತಾರೆ. ಅವರ ಒಳಗೆ ಏನು ನಡೆಯುತ್ತಿದೆ? ನನಗೆ ಅರ್ಥವಾಗುವ ಹಾಗೆ ಬರೆಯಿರಿ.

ನಿಮ್ಮ ಅತ್ತಿಗೆ

*

ಜೂನ್ 10

ಪ್ರೀತಿಯ ಅತ್ತಿಗೆ,

ಪೆನ್ನು ಹಿಡಿದು ಕಾಗದ ಬರೆದು ವರ್ಷಗಳೇ ಆದವು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ನಿಮ್ಮ ಕಸುಬೇ ಅದು.

ಮೊದಲಿಗೆ ಒಂದು ಮಾತು. ಅಣ್ಣನ ಕಣ್ಣು ಹಳದಿ ಮಾಡಿದ್ದು ವೈರಸ್ ಅಲ್ಲ. ಆ ವೈರಸ್ ಲಿವರಿನ ಜೀವಕೋಶಗಳಿಗೆ ನೇರವಾಗಿ ಏನೂ ಹಾನಿ ಮಾಡುವುದಿಲ್ಲ. ಸದ್ದಿಲ್ಲದೆ ಒಳಗೆ ಸೇರಿ, ಆ ಕೋಶದ ಯಂತ್ರಗಳಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ವಾರಗಟ್ಟಲೆ ಹಾಗೆ ನಡೆಯುತ್ತದೆ. ಅಣ್ಣ ಅಷ್ಟೂ ದಿನ ನಗುತ್ತ ಈಜು ಕಲಿಸಿಕೊಂಡೇ ಇದ್ದ, ಒಳಗೆ ಲಿವರಿನ ಮುಕ್ಕಾಲು ಭಾಗ ಅದರ ಕೈಗೆ ಹೋಗಿತ್ತು.

ಆಮೇಲೆ ಟಿ ಕೋಶಗಳು ಬಂದವು. ಇವು ರಕ್ತದಲ್ಲಿ ತಿರುಗುವ ಬಿಳಿ ಕೋಶಗಳ ಒಂದು ಜಾತಿ. ನಮ್ಮ ಮೈಯ ಪ್ರತಿ ಜೀವಕೋಶವೂ ತನ್ನೊಳಗೆ ತಯಾರಾಗುವ ಎಲ್ಲದರ ಒಂದೊಂದು ಚೂರನ್ನು ಹೊರಮೈಯಲ್ಲಿ ಹಿಡಿದು ತೋರಿಸುತ್ತಿರುತ್ತದೆ. ಟಿ ಕೋಶಗಳು ಆ ಚೂರುಗಳನ್ನು ಮುಟ್ಟಿ ಮುಟ್ಟಿ ಓದುತ್ತ ಸಾಗುತ್ತವೆ. ಒಂದೊಂದು ಟಿ ಕೋಶಕ್ಕೂ ಗುರುತು ಸಿಗುವುದು ಒಂದೇ ಒಂದು ಚೂರು. ಯಾವ ಚೂರು ಎಂಬುದು ಅದು ಹುಟ್ಟುವಾಗಲೇ, ಬರೀ ಕಲಸುಮೇಲೋಗರದಲ್ಲಿ, ತೀರ್ಮಾನವಾಗಿರುತ್ತದೆ. ಯೋಚನೆ ಮಾಡಿ ಅತ್ತಿಗೆ. ಈ ವೈರಸ್ಸನ್ನು ಅಣ್ಣ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಅದನ್ನೇ ಓದಬಲ್ಲ ಬೆರಳೆಣಿಕೆಯ ಕೋಶಗಳು, ನಾವಿಬ್ಬರೂ ಮನೆಯ ಮೆಟ್ಟಿಲ ಮೇಲೆ ಗೋಲಿ ಆಡುತ್ತಿದ್ದ ಕಾಲದಿಂದಲೂ ಅವನೊಳಗೆ ಸುಮ್ಮನೆ ಸುತ್ತುತ್ತಿದ್ದವು. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಒಂದು ಕೆಲಸಕ್ಕಾಗಿ. ಈಗ ಆ ಕೆಲಸ ಬಂದಿದೆ. ಅವು ಒಂದು ಎರಡಾಗಿ, ಎರಡು ಲಕ್ಷವಾಗಿ ಲಿವರಿಗೆ ನುಗ್ಗಿವೆ. ಆ ಗಲಾಟೆಯೇ ಕಾಮಾಲೆ. ಅಣ್ಣನ ಹಳದಿ ಸೋತವನ ಬಣ್ಣವಲ್ಲ.

ಅಮ್ಮನೂ ನೀವೂ ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ಹಾಕಿಸಿಕೊಳ್ಳಿ. ಅಣ್ಣನಿಗೆ ಏನೂ ಆಗುವುದಿಲ್ಲ. ನನ್ನನ್ನು ನಂಬಿ.

ಗುಬ್ಬಿ (‘ಅವರು’ ಬೇಡ)

*

ಜೂನ್ 25

ಗುಬ್ಬಿಗೆ,

ನಿಮ್ಮ ಕಾಗದದಲ್ಲಿ ಅಕ್ಷರದ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೆ ಒಂದು ಸಾಲು ಸುಳ್ಳು. ‘ಏನೂ ಆಗುವುದಿಲ್ಲ.’

ನಿಮ್ಮ ಕಾಗದ ಬಂದ ಮಾರನೆಯ ದಿನ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು, ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ತಯಾರಿಸುವುದೂ ಲಿವರೇ ಅಂತೆ. ಆಸ್ಪತ್ರೆಗೆ ಸೇರಿಸಿಕೊಂಡರು. ಲಿವರ್ ಪೂರ್ತಿ ಕೈಬಿಟ್ಟರೆ ರಕ್ತದ ವಿಷ ಮೊದಲು ತಲೆಗೆ ಏರುತ್ತದೆ, ಮಂಪರು ಬರುತ್ತದೆ, ಕೈ ನಡುಗುತ್ತದೆ ಎಂದು ವೈದ್ಯೆ ನನ್ನನ್ನು ಹೊರಗೆ ಕರೆದು ಹೇಳಿದರು. ಹಾಗಾಗಿ ದಿನಾ ಬೆಳಿಗ್ಗೆ ಒಂದು ಹಾಳೆಯ ಮೇಲೆ ಅವರಿಂದ ಸಹಿ ಮಾಡಿಸಿ ಹಿಂದಿನ ದಿನದ್ದರ ಜೊತೆ ಹೋಲಿಸಿ ನೋಡುವ ಕೆಲಸ ನನಗೆ ಬಂತು. ಕಸುಬಿಗೆ ತಕ್ಕ ಕೆಲಸ. ಸಾವಿರಾರು ಪುಟ ಓದಿದ್ದೇನೆ, ಅಷ್ಟು ಹೆದರಿ ಯಾವ ಅಕ್ಷರವನ್ನೂ ಓದಿಲ್ಲ.

ಒಂದು ಬೆಳಿಗ್ಗೆ ಸಹಿಯ ಕೊನೆಯ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿತು. ಅತ್ತೆಯೂ ನೋಡಿದರು. ಅತ್ತೆ ಹೋಗಿ ಕಿಟಕಿಯ ಪರದೆ ಸರಿಸಿದರು, ಮತ್ತೆ ಮುಚ್ಚಿದರು.

ಮಾರನೆಯ ದಿನ ಅಕ್ಷರ ಮೇಲೆ ಬಂತು. ಅದರ ಮಾರನೆಯ ದಿನ, “ಈ ಆಸ್ಪತ್ರೆ ಬ್ರೆಡ್ಡು ಸ್ಪಂಜಿನ ಹಾಗಿದೆ” ಎಂದು ಬೈದರು. ಬೈದದ್ದಕ್ಕೆ ಅತ್ತೆ ಅತ್ತುಬಿಟ್ಟರು. ಈಗ ಮನೆಗೆ ಬಂದಿದ್ದೇವೆ. ಮಾಗಿದ ನಿಂಬೆಹಣ್ಣಿನ ಹಾಗೆ ಇನ್ನೂ ಹಳದಿ. ಆದರೆ ತಿನ್ನುತ್ತಿದ್ದಾರೆ.

ನಿಮಗೆ ಗೊತ್ತಿತ್ತು ಅಲ್ಲವೇ? ಆ ಟಿ ಕೋಶಗಳ ಸೈನ್ಯ ತಾನು ಕಾಯಬೇಕಾದ ಮನೆಯನ್ನೇ ಸುಟ್ಟುಬಿಡಬಹುದು ಎಂದು? ಯಾಕೆ ಬರೆಯಲಿಲ್ಲ?

ಅತ್ತೆಯ ರಕ್ತ ಪರೀಕ್ಷೆ ಆಯಿತು. ಏನೂ ಇಲ್ಲ. ಲಸಿಕೆ ಹಾಕಿದ್ದಾರೆ.

ಅತ್ತಿಗೆ

*

ಜುಲೈ 2

ಪ್ರೀತಿಯ ಅತ್ತಿಗೆ,

ನನ್ನದು ತಪ್ಪಾಯಿತು. ಗೊತ್ತಿತ್ತು. ನೂರಾರು ಜನರಲ್ಲಿ ಒಬ್ಬರಿಗೆ ಹಾಗಾಗುತ್ತದೆ. ‘ಏನೂ ಆಗುವುದಿಲ್ಲ’ ಎಂದು ಬರೆದದ್ದು ನಿಮಗಲ್ಲ, ನನಗೇ ಬರೆದುಕೊಂಡದ್ದು. ಇನ್ನು ಮುಂದೆ ನಿಮಗೆ ಬರೆಯುವ ಕಾಗದದಲ್ಲಿ ಅಂಥ ಸಾಲು ಇರುವುದಿಲ್ಲ.

ನೀವು ಕೇಳಿದ್ದು ನಮ್ಮ ವಿದ್ಯೆಯ ದೊಡ್ಡ ಪ್ರಶ್ನೆ. ಲಿವರಿನ ಬಹುಪಾಲು ಕೋಶಗಳಿಗೆ ವೈರಸ್ ಹೊಕ್ಕಿರುವಾಗ, ಟಿ ಕೋಶಗಳು ಹೊಕ್ಕ ಕೋಶವನ್ನೆಲ್ಲ ಕೊಲ್ಲುತ್ತ ಹೋದರೆ ಲಿವರೇ ಉಳಿಯುವುದಿಲ್ಲ. ಆದರೂ ಬಹಳ ಜನ ಬದುಕುತ್ತಾರೆ. ಹೇಗೆ? ಪ್ರಾಣಿಗಳಲ್ಲಿ ದಿನದಿನವೂ ಅಳೆದು ನೋಡಿದವರಿಗೆ ಒಂದು ವಿಚಿತ್ರ ಕಂಡಿತು. ಲಿವರಿಗೆ ಪೆಟ್ಟು ಬೀಳುವ ಮೊದಲೇ ವೈರಸ್ಸಿನ ಬಹುಭಾಗ ಕಾಣೆಯಾಗಿರುತ್ತದೆ. ಟಿ ಕೋಶಗಳು ಕೆಲವನ್ನು ಕೊಲ್ಲುತ್ತವೆ, ನಿಜ. ಆದರೆ ಬಹುಪಾಲು ಕೋಶಗಳ ಬಳಿ ನಿಂತು ಒಂದು ರಾಸಾಯನಿಕವನ್ನು ಬಿಡುತ್ತವೆ, ಅಷ್ಟೆ. ಅದು ತಾಗಿದ ಕೋಶ ತನ್ನೊಳಗಿನ ವೈರಸ್ಸನ್ನು ತಾನೇ ಒಡೆದು, ಗುಡಿಸಿ, ಮೊದಲಿನಂತೆ ಕೆಲಸಕ್ಕೆ ಕೂರುತ್ತದೆ. ಕೊಲ್ಲುವುದು ಕಡಿಮೆ, ಗದರಿಸುವುದು ಹೆಚ್ಚು. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಕಾರಿಡಾರಿನಲ್ಲಿ ಎರಡು ಸುತ್ತು ನಡೆದಿದ್ದೆ. ಕೊಲ್ಲಬಲ್ಲವರಿಗೆ ಕೊಲ್ಲದಿರುವುದೂ ಗೊತ್ತಿದೆ.

ಒಂದು ಕೋರಿಕೆ. ಅಣ್ಣ ಒಪ್ಪಿದರೆ ಅವನ ರಕ್ತದ ಒಂದು ಕೊಳವೆ ನಮ್ಮ ಲ್ಯಾಬಿಗೆ ಬೇಕು. ನಮ್ಮ ಮೇಡಂ ಅನುಮತಿ ಕೊಟ್ಟಿದ್ದಾರೆ. ಅಲ್ಲಿಯ ಆಸ್ಪತ್ರೆಯವರೇ ತಂಪು ಪೆಟ್ಟಿಗೆಯಲ್ಲಿ ಕಳಿಸುತ್ತಾರೆ.

ಅಮ್ಮನ ಪರೀಕ್ಷೆಯ ಫಲ ಬರೆದಿರಿ. ನಿಮ್ಮದು ಬರೆಯಲು ಮರೆತಿರಿ.

ಗುಬ್ಬಿ

*

ಜುಲೈ 15

ಗುಬ್ಬಿಗೆ,

ನಿಮ್ಮಣ್ಣ ಒಪ್ಪಿದ್ದಾರೆ. ರಕ್ತ ಕಳಿಸಿದ್ದಾರೆ. ಹಳದಿ ಇಳಿಯುತ್ತಿದೆ. ಮುದ್ರಣಾಲಯದಲ್ಲಿ ಪಠ್ಯಪುಸ್ತಕಗಳ ಕೆಲಸ ಏರಿದೆ, ಹೆಚ್ಚು ಬರೆಯಲು ಬಿಡುವಿಲ್ಲ.

ಅತ್ತಿಗೆ

*

ಆಗಸ್ಟ್ 3

ಅತ್ತಿಗೆ,

ಅಮ್ಮ ಫೋನು ಮಾಡಿದ್ದಳು. ನೀವು ಬೇರೆ ಕೋಣೆಯಲ್ಲಿ ಮಲಗುತ್ತೀರಂತೆ. ತಟ್ಟೆ ಲೋಟ ಬೇರೆ, ಟವೆಲ್ ಬೇರೆ. ಅಣ್ಣ ಹತ್ತಿರ ಬಂದರೆ ಏನಾದರೂ ನೆಪ ಹೇಳಿ ಏಳುತ್ತೀರಂತೆ. ಅಣ್ಣ ಅಮ್ಮನ ಮುಂದೆ, “ಅವಳಿಗೆ ನನ್ನ ಕಂಡ್ರೆ ಅಸಹ್ಯ ಆಗಿರ್ಬೇಕು” ಅಂದನಂತೆ. ಅಣ್ಣ ಹಾಗೆಲ್ಲ ಮಾತಾಡುವವನಲ್ಲ.

ನಾನು ನೇರವಾಗಿ ಹೇಳಿಬಿಡುತ್ತೇನೆ. ಈ ರೋಗ ತಟ್ಟೆಯಿಂದ, ಟವೆಲ್ಲಿನಿಂದ, ಮುಟ್ಟುವುದರಿಂದ ಬರುವುದಿಲ್ಲ. ಇಷ್ಟು ಬಲ್ಲ ನಿಮಗೆ ಇದು ತಿಳಿಯದೇ? ಸಾವಿನ ಹತ್ತಿರ ಹೋಗಿ ಬಂದವನನ್ನು ದೂರ ಇಡುವುದು ಸರಿಯೇ? ಅಷ್ಟಕ್ಕೂ ಅವನ ರಕ್ತದಲ್ಲೀಗ ವೈರಸ್ ಕಾಣುತ್ತಿಲ್ಲ.

ಅವನ ಟಿ ಕೋಶಗಳನ್ನು ನಾನೇ ನೋಡಿದೆ. ಪುಟ್ಟ ಪುಟ್ಟ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಗುಳಿಗಳಲ್ಲಿ ಅವನ ರಕ್ತದ ಕೋಶಗಳನ್ನು ಹಾಕಿ, ಮೇಲೆ ವೈರಸ್ಸಿನ ಚೂರುಗಳನ್ನು ಬಿಟ್ಟೆ. ಆ ಚೂರನ್ನು ಗುರುತಿಸಿದ ಪ್ರತಿ ಟಿ ಕೋಶವೂ ತಾನು ಕೂತಲ್ಲೇ ಆ ರಾಸಾಯನಿಕವನ್ನು ಬಿಡುತ್ತದೆ, ಅಲ್ಲೊಂದು ನೀಲಿ ಚುಕ್ಕೆ ಮೂಡುತ್ತದೆ. ಒಂದು ಚುಕ್ಕೆ ಎಂದರೆ ಒಂದು ಕೋಶ. ಮಾರನೆಯ ದಿನ ಮಸೂರದ ಕೆಳಗಿಟ್ಟರೆ ಗುಳಿಯ ತುಂಬ ನೀಲಿ. ಎಣಿಸಲಾಗದೆ ಬಿಟ್ಟೆ. ಪಕ್ಕದ ಮೇಜಿನವರನ್ನು ಕರೆದು ತೋರಿಸಿದೆ. ಇವನು ನನ್ನ ಅಣ್ಣ ಎಂದು ಹೇಳುವ ಹಾಗಿಲ್ಲ, ನಿಯಮ. ಹೇಳಬೇಕು ಎನ್ನಿಸಿದಾಗೆಲ್ಲ ಮತ್ತೆ ಮಸೂರಕ್ಕೆ ಕಣ್ಣಿಟ್ಟೆ.

ಇಂಥವನನ್ನು ನೀವು ಬೇರೆ ತಟ್ಟೆಗೆ ದೂಡಿದ್ದೀರಿ.

ಗುಬ್ಬಿ

*

ಆಗಸ್ಟ್ 9

ಗುಬ್ಬಿ,

ನಾನು ದೂರ ಇಟ್ಟಿದ್ದು ಅವರನ್ನಲ್ಲ. ನನ್ನನ್ನು.

ಅತ್ತೆಯ ಜೊತೆ ಅವತ್ತೇ ನನ್ನ ರಕ್ತವನ್ನೂ ತೆಗೆದಿದ್ದರು. ನಿಮ್ಮಣ್ಣನಿಗೆ ಬಂದದ್ದು ನನ್ನಿಂದ. ನನ್ನ ರಕ್ತದಲ್ಲಿ ಆ ವೈರಸ್ ಎಷ್ಟಿದೆ ಎಂದು ಬರೆದ ಸಂಖ್ಯೆಯನ್ನು ನೋಡಿ, ಮುದ್ರಣದ ತಪ್ಪಿರಬೇಕು, ಎರಡು ಸೊನ್ನೆ ಹೆಚ್ಚು ಬಿದ್ದಿದೆ ಎಂದು ವೈದ್ಯೆಗೆ ಹೇಳಿದೆ. ಅವರು ಇಲ್ಲ ಎಂದು ತಲೆಯಾಡಿಸಿದರು. ನನಗೆ ಒಂದು ದಿನವೂ ಕಾಮಾಲೆ ಬಂದಿಲ್ಲ. ಜ್ವರಕ್ಕೂ ಮಲಗಿದವಳಲ್ಲ. ಹುಟ್ಟುವಾಗಲೇ ಅಮ್ಮನಿಂದ ಬಂದಿರಬೇಕು ಎಂದರು.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಮ್ಮ ಹೊಟ್ಟೆ ಊದಿ ತೀರಿಹೋದಳು. ಒಂದು ಗುಟುಕು ಕುಡಿದವಳಲ್ಲ, ಆದರೂ ಲಿವರ್ ಎಂಬ ಪದ ಕೇಳಿದ ನೆಂಟರು ತುಟಿ ಕೊಂಕಿಸಿದರು. ಅಪ್ಪ ‘ಹೃದಯದ ತೊಂದರೆ’ ಎಂದು ಹೇಳುವುದನ್ನು ರೂಢಿ ಮಾಡಿಕೊಂಡ. ನಾವೂ ಅದನ್ನೇ ನಂಬಿದೆವು. ನಿಮ್ಮ ಮನೆಯಲ್ಲಿ ಕೇಳಿದಾಗಲೂ ಅಪ್ಪ ಅದನ್ನೇ ಹೇಳಿದ. ಈಗ ಅವಳ ಊದಿದ ಹೊಟ್ಟೆ ಕಣ್ಣ ಮುಂದೆ ಬರುತ್ತದೆ. ನನಗೆ ಜೀವ ಕೊಡುವಾಗಲೇ ಇದನ್ನೂ ಕೊಟ್ಟಳು. ಅವಳಿಗೂ ಗೊತ್ತಿರಲಿಲ್ಲ.

ಸಹಿ ಜಾರಿದ ಬೆಳಿಗ್ಗೆ ನನಗೆ ಇದೆಲ್ಲ ಗೊತ್ತಿತ್ತು. ಅವರ ಕೈಗೆ ಪೆನ್ನು ಕೊಟ್ಟವಳೂ ನಾನೇ, ಆ ಕೈ ನಡುಗುವಂತೆ ಮಾಡಿದವಳೂ ನಾನೇ. ಹೇಗೆ ಹೇಳಲಿ?

ಇನ್ನೊಂದು ವಿಷಯ. ನಾನು ಬಸುರಿ. ನಾಲ್ಕನೆಯ ತಿಂಗಳು. ಅದು ಮಾತ್ರ ಮನೆಯಲ್ಲಿ ಗೊತ್ತು. ಫೋನಿನಲ್ಲಿ ಹೇಳಬೇಡಿ, ನಾನೇ ಬರೆಯುತ್ತೇನೆ ಎಂದು ಅತ್ತೆಯನ್ನು ತಡೆದಿದ್ದೆ.

ಅವರ ಮೈ ಅದನ್ನು ಕಂಡ ಕೂಡಲೇ ಎದ್ದು ನಿಂತಿತು. ನನ್ನ ಮೈ ಇಷ್ಟು ವರ್ಷ ಅದರ ಜೊತೆ ಉಂಡು ಮಲಗಿದೆ. ನನ್ನ ಟಿ ಕೋಶಗಳು ಎಲ್ಲಿ ಹೋದವು ಗುಬ್ಬಿ? ನನ್ನಲ್ಲಿ ಅವು ಇಲ್ಲವೇ? ಮಗುವಿಗೂ ನಾನು ಇದನ್ನೇ ದಾಟಿಸುತ್ತೇನೆಯೇ? ಸುಳ್ಳು ಹೇಳಬೇಡಿ.

ಅತ್ತಿಗೆ

*

ಆಗಸ್ಟ್ 13

ಅತ್ತಿಗೆ,

ನನ್ನ ಹಿಂದಿನ ಕಾಗದವನ್ನು ಹರಿದು ಹಾಕಿ. ಹರಿದು ಆದ ಮೇಲೆ ಇದನ್ನು ಓದಿ.

ಎಷ್ಟು ಓದಿದ್ದರೇನು, ಎದುರಿಗಿದ್ದದ್ದು ನನಗೆ ಕಾಣಲಿಲ್ಲ. ನಿಮ್ಮ ಫಲಿತಾಂಶ ಬಿಟ್ಟುಹೋದಾಗಲೇ ಅರ್ಥವಾಗಬೇಕಿತ್ತು.

ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಹಸುಗೂಸಿನ ಟಿ ಕೋಶಗಳು ಜಗತ್ತಿಗೆ ಹೊಸಬರು. ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಅವು ಆಗಷ್ಟೇ ಕಲಿಯುತ್ತಿರುತ್ತವೆ. ಆ ಹೊತ್ತಿಗೆ ಮೊದಲ ದಿನದಿಂದಲೇ ಲಿವರಿನಲ್ಲಿ ಕೂತಿರುವ ವೈರಸ್ಸನ್ನು ಕಂಡರೆ ಅವು ಜಗಳಕ್ಕೆ ಹೋಗುವುದಿಲ್ಲ. ಜೊತೆಗೆ ವೈರಸ್ ತನ್ನ ಹೊರಕವಚದ ಚೂರುಗಳನ್ನು ಕೋಟಿಗಟ್ಟಲೆ ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕಿವಿಯ ಬಳಿ ಒಂದೇ ಸದ್ದು ಕೇಳುತ್ತಿದ್ದರೆ ಆಮೇಲೆ ಅದು ಕೇಳಿಸುವುದೇ ಇಲ್ಲವಲ್ಲ, ಹಾಗೆ ಟಿ ಕೋಶಗಳು ದಣಿಯುತ್ತವೆ. ದೊಡ್ಡವರಾದ ಮೇಲೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಜನ ಅದನ್ನು ಓಡಿಸುತ್ತಾರೆ. ಹುಟ್ಟುವಾಗ ತಗುಲಿದರೆ ನೂರರಲ್ಲಿ ತೊಂಬತ್ತು ಜನರಲ್ಲಿ ಅದು ಉಳಿದುಬಿಡುತ್ತದೆ. ಅಣ್ಣನಿಗೂ ನಿಮಗೂ ಇರುವ ವ್ಯತ್ಯಾಸ ವಯಸ್ಸಿನದು. ಅವನು ಬಲಶಾಲಿ, ನೀವು ದುರ್ಬಲರು ಎಂದಲ್ಲ.

ಮಗುವಿನ ವಿಷಯ. ಕೊನೆಯ ತಿಂಗಳುಗಳಲ್ಲಿ ನೀವು ದಿನಕ್ಕೊಂದು ಮಾತ್ರೆ ನುಂಗಬೇಕು, ವೈರಸ್ ಇಳಿಯಲು. ಮಗು ಹುಟ್ಟಿದ ಕೂಡಲೇ ಎರಡು ಚುಚ್ಚುಮದ್ದು, ಒಂದು ಲಸಿಕೆ, ಇನ್ನೊಂದು ಸಿದ್ಧ ಪ್ರತಿಕಾಯ, ಎಂದರೆ ವೈರಸ್ಸನ್ನು ಹಿಡಿದು ನಿಲ್ಲಿಸುವ ವಸ್ತು. ಆಮೇಲೆ ಲಸಿಕೆಯ ಉಳಿದ ಸುತ್ತುಗಳು. ಇಷ್ಟೂ ಹೊತ್ತಿಗೆ ಸರಿಯಾಗಿ ಆದರೆ ಮಗುವಿಗೆ ದಾಟುವುದು ತೀರ ಅಪರೂಪ. ಅಪರೂಪ ಎಂದೆ, ಇಲ್ಲವೇ ಇಲ್ಲ ಎಂದು ಹೇಳಲಿಲ್ಲ. ಮಾತು ಕೊಟ್ಟಿದ್ದೇನಲ್ಲ.

ಅಣ್ಣನಿಗೆ ಹೇಳಿ. ಅವನು ತನ್ನನ್ನು ನೀವು ಹೇಸುತ್ತೀರಿ ಎಂದುಕೊಂಡಿದ್ದಾನೆ, ಅದು ಇದಕ್ಕಿಂತ ಕೆಟ್ಟದು.

ನಿಮ್ಮ ಗುಬ್ಬಿ

*

ಆಗಸ್ಟ್ 30

ಗುಬ್ಬಿ,

ಹೇಳಿದೆ. ಮನೆಯಲ್ಲಲ್ಲ, ಕೊಳದ ಹತ್ತಿರ. ಅವರಿಗೆ ಇನ್ನೂ ನೀರಿಗಿಳಿಯಲು ಅಪ್ಪಣೆಯಿಲ್ಲ, ದಂಡೆಯ ಮೇಲೆ ಕೂತು ಕಾಲು ಇಳಿಬಿಡುತ್ತಾರೆ. ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ, ನೀರು ಅಲುಗಾಟ ನಿಲ್ಲಿಸಿ ಹೆಂಚಿನ ಗೆರೆಗಳು ನೆಟ್ಟಗಾಗುವ ಹೊತ್ತು. ಎಲ್ಲ ಹೇಳಿ ಮುಗಿಸಿದೆ. ಅವರು ಕಾಲನ್ನು ನೀರಿನಿಂದ ಮೇಲಕ್ಕೆ ತೆಗೆದುಕೊಂಡರು.

“ಅಂದ್ರೆ ನೀನು ಬೇರೆ ಕೋಣೆಗೆ ಹೋಗಿದ್ದು ನನ್ನ ಗೊರಕೆಗಲ್ಲ.”

“ಅಲ್ಲ.”

“ನಂಗೆ ಬಂತು, ಹೋಯ್ತು. ನಿಂಗೆ ಹೋಗಲ್ಲ. ಅದನ್ನ ಒಬ್ಬಳೇ ಹೊತ್ಕೊಂಡು ದಿನಾ ನನ್ನ ಕೈಲಿ ಸಹಿ ಮಾಡಿಸ್ತಿದ್ಯಲ್ಲ.” ಅಷ್ಟು ಹೇಳುವಷ್ಟರಲ್ಲಿ ಅವರ ಧ್ವನಿ ಕೆಟ್ಟಿತು. ಕೊಳದ ನೀರನ್ನು ಮುಖಕ್ಕೆ ಎರಚಿಕೊಂಡರು, ನನಗೆ ಕಾಣಬಾರದೆಂದು.

ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಟ್ಟೆ ಒಣಗಿಸುವಾಗ ತಾವಾಗಿ ಶುರು ಮಾಡಿದರು. “ನಿಮ್ಮಮ್ಮನ ವಿಷಯ ಮೊದಲೇ ಗೊತ್ತಾಗಿದ್ರೆ ನಾನು ಈ ಮದುವೆ ಬೇಡ ಅಂತಿದ್ದೆ” ಎಂದರು. ನಾನು ಹಗ್ಗ ಹಿಡಿದು ನಿಂತೆ. ಇನ್ನೊಂದು ಬಟ್ಟೆ ಹಿಂಡಿ ಹಾಕಿ, “ಗೊತ್ತಾಗದೇ ಇದ್ದದ್ದೇ ಆಯ್ತು ಬಿಡು” ಎಂದರು. ಈಗ ನನ್ನ ಪ್ರತಿ ತಪಾಸಣೆಗೂ ಅವರೇ ಜೊತೆಗೆ ಬರುತ್ತಾರೆ. ಸರತಿಯಲ್ಲಿ ನಮಗಿಂತ ಮುಂದೆ ಹೋಗಲು ನೋಡುವವರ ಗತಿ ಕೇಳಬೇಡ.

ನೋಡು, ಏಕವಚನದಲ್ಲಿ ಬರೆದುಬಿಟ್ಟೆ. ತಿದ್ದುವುದಿಲ್ಲ.

ನನ್ನ ರಕ್ತವನ್ನೂ ಕಳಿಸುತ್ತಿದ್ದೇನೆ. ಇದ್ದರೆ ಇವೆ ಎನ್ನು, ಇಲ್ಲದಿದ್ದರೆ ಇಲ್ಲ ಎನ್ನು.

ಅತ್ತಿಗೆ

*

ಅಕ್ಟೋಬರ್ 21

ಪ್ರೀತಿಯ ಅತ್ತಿಗೆ,

ಇಷ್ಟು ತಡವಾಗಿದ್ದಕ್ಕೆ ಕಾರಣವಿದೆ. ಮೊದಲ ಸಲ ನಿಮ್ಮ ಕೋಶಗಳ ತಟ್ಟೆಯನ್ನು ಮಸೂರದ ಕೆಳಗಿಟ್ಟಾಗ ಏನೂ ಇರಲಿಲ್ಲ. ಗುಳಿಗಳೆಲ್ಲ ಬಿಳಿ. ಅಣ್ಣನ ನೀಲಿ ನೋಡಿದ್ದ ಕಣ್ಣಿಗೆ ಆ ಬಿಳಿ ಬಹಳ ಹೊತ್ತು ಕಾಡಿತು. ಅದನ್ನೇ ನಿಮಗೆ ಬರೆಯಲು ಕೂತೆ. ಬರೆಯಲಾಗಲಿಲ್ಲ.

ಮೇಡಂ, “ಅವಸರ ಮಾಡ್ಬೇಡ, ಸ್ವಲ್ಪ ದಿನ ಸಾಕಿ ನೋಡು” ಎಂದರು. ನಿಮ್ಮ ಕೋಶಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಆಹಾರ ಕೊಟ್ಟು, ವೈರಸ್ಸಿನ ಚೂರುಗಳನ್ನು ಸ್ವಲ್ಪ ಸ್ವಲ್ಪವೇ ತೋರಿಸುತ್ತ ಬಂದೆ. ದಣಿದ ಟಿ ಕೋಶಗಳ ಮೈಮೇಲೆ ಬ್ರೇಕಿನಂಥ ಒಂದು ಕೊಂಡಿ ಬೆಳೆದಿರುತ್ತದೆ. ಅದನ್ನು ಸಡಿಲಿಸುವ ಒಂದು ಔಷಧವನ್ನು ಕೆಲವು ಗುಳಿಗಳಿಗೆ ಹಾಕಿದೆ. ಸುಮಾರು ಹತ್ತು ದಿನ ಕಳೆದು ಮತ್ತೆ ನೋಡಿದೆ.

ಇವೆ ಅತ್ತಿಗೆ. ಒಂದು ಗುಳಿಯಲ್ಲಿ ನಾಲ್ಕು ಚುಕ್ಕೆ. ಮಸುಕು, ಸಣ್ಣವು. ಧೂಳೇನೋ ಎಂದು ಮತ್ತೆ ಮಾಡಿದೆ. ಮತ್ತೆಯೂ ಇದ್ದವು. ಮೇಡಂ ಬಂದು ನೋಡಿದರು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಹೆಂಗಸು, ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ, “ಇಷ್ಟು ವರ್ಷ ಒದ್ದಾಡಿದ್ರೂ ಬಿಟ್ಟು ಹೋಗಿಲ್ಲ ನೋಡು” ಎಂದರು.

ಇದರಿಂದ ನಿಮ್ಮ ಚಿಕಿತ್ಸೆಗೆ ಈಗ ಏನೂ ಪ್ರಯೋಜನವಿಲ್ಲ. ತಟ್ಟೆಯಲ್ಲಿ ಎದ್ದದ್ದು ಮೈಯಲ್ಲಿ ಏಳಬೇಕೆಂದಿಲ್ಲ. ಆದರೆ ನೀವು ಕೇಳಿದ್ದು ಇದೆಯೋ ಇಲ್ಲವೋ ಎಂದು. ನೀವು ತೊಟ್ಟಿಲಲ್ಲಿದ್ದಾಗಿನಿಂದ ಅವು ಆ ಸದ್ದನ್ನು ಕೇಳುತ್ತ, ಸೋಲುತ್ತ, ಕೂತಲ್ಲಿಂದ ಕದಲದೆ ಉಳಿದಿವೆ. ಅಣ್ಣನ ಗುಳಿಯ ಮುಂದೆ ನಾನು ಹೆಮ್ಮೆಪಟ್ಟಿದ್ದೆ. ನಿಮ್ಮ ಆ ನಾಲ್ಕರ ಮುಂದೆ ಉಸಿರು ಬಿಗಿ ಹಿಡಿದು ನಿಂತೆ.

ಗುಬ್ಬಿ

*

ಜನವರಿ 19

ಗುಬ್ಬಿ,

ನೀನೀಗ ಅತ್ತೆ. ಹೆಣ್ಣುಮಗು. ನಿಮ್ಮಣ್ಣನ ಕಿವಿ, ಯಾರದ್ದೋ ಮೂಗು.

ನಾನು ಇನ್ನೂ ಅವಳ ಮುಖ ಸರಿಯಾಗಿ ನೋಡಿರಲಿಲ್ಲ, ಅಷ್ಟರಲ್ಲೇ ನರ್ಸ್ ಎರಡು ತೊಡೆಗೂ ಒಂದೊಂದು ಚುಚ್ಚುಮದ್ದು ಕೊಟ್ಟಳು. ನಮ್ಮತ್ತೆ ಮಗುವಿನ ಪಾದ ಹಿಡಿದುಕೊಂಡಿದ್ದರು. ಎರಡನೆಯದರ ಬಗ್ಗೆ ಕೇಳಿದೆ. ಆ ಪ್ರತಿಕಾಯ ಎಲ್ಲೋ ಇರುವ ಜನ ಕೊಟ್ಟ ರಕ್ತದಿಂದ ಬರುತ್ತದೆ, ಅವರ ಮೈ ಕಲಿತಿದ್ದನ್ನು ತೆಗೆದು ಶೀಶೆಗೆ ತುಂಬುತ್ತಾರೆ ಎಂದಳು. ಯಾವ ಊರಿನವರೋ, ಹೇಗಿರುವವರೋ. ಅವರು ಕಲಿತದ್ದು ಈಗ ನನ್ನ ಮಗಳ ಒಳಗೆ ಓಡಾಡುತ್ತಿದೆ, ಅವಳು ತಾನೇ ಕಲಿಯುವವರೆಗೆ. ನಾನು ಕೊಡಲಾಗದ್ದನ್ನು ಮುಖ ಕಾಣದವರು ಕೊಟ್ಟರು. ಆ ಖಾಲಿ ಶೀಶೆಯನ್ನು ಎಸೆಯುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಿದೆ.

ಹಾಲು ಕುಡಿಸಬಹುದಂತೆ. ಕುಡಿಯುತ್ತಿದ್ದಾಳೆ, ಕಾಗದ ಅಡ್ಡಾದಿಡ್ಡಿ ಆಗಿರುವುದು ಅದಕ್ಕೇ.

ಅತ್ತಿಗೆ

*

ಮಾರ್ಚ್ 28

ಪ್ರೀತಿಯ ಅತ್ತಿಗೆ,

ಆಮೇಲೆ ನಾನು ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ. ಅಣ್ಣ ಫೋನಿನಲ್ಲಿ, “ಚೆನ್ನಾಗಿದ್ದಾಳೆ, ಸ್ವಲ್ಪ ಸುಸ್ತು” ಎಂದ. ಅವನು ಸುಳ್ಳು ಹೇಳುವಾಗ ‘ಸ್ವಲ್ಪ’ ಎನ್ನುತ್ತಾನೆ. ಅಮ್ಮನನ್ನು ಹಿಡಿದು ಕೇಳಿದೆ. ನಿಮ್ಮ ಕಣ್ಣು ಹಳದಿಯಾಗಿದೆ ಎಂದಳು.

ನಿಮಗೆ ಸುಳ್ಳು ಬರೆಯುವುದಿಲ್ಲ. ನಾನು ಹೆದರಿದ್ದೇನೆ. ಬಸುರಿನಲ್ಲಿ ಮೈ ತನ್ನ ಸೈನಿಕರನ್ನು ತಡೆದಿಟ್ಟಿರುತ್ತದೆ, ಅರ್ಧ ಹೊರಗಿನದೇ ಆದ ಮಗುವಿನ ಮೇಲೆ ಬೀಳದಿರಲಿ ಎಂದು. ಹೆರಿಗೆಯಾದ ಮೇಲೆ ಆ ಕಡಿವಾಣ ಸಡಿಲವಾಗುತ್ತದೆ. ಮಾತ್ರೆಯೂ ನಿಂತಿತ್ತು. ಕೆಲವರಲ್ಲಿ ಆಗ ಟಿ ಕೋಶಗಳು ಏಕಾಏಕಿ ಏಳುತ್ತವೆ. ಅದು ಒಳ್ಳೆಯದೂ ಆಗಬಹುದು, ಅಣ್ಣನಿಗೆ ಆದಂಥದ್ದೂ ಆಗಬಹುದು. ವೈದ್ಯೆ ಹೇಳಿದ್ದನ್ನು ಒಂದೂ ಬಿಡದೆ ಮಾಡಿ. ಒಂದು ಸಾಲು ಬರೆಯಿರಿ. ನಿಮ್ಮ ಕೈಯಕ್ಷರ ನೋಡಬೇಕು.

ಗುಬ್ಬಿ

*

ಏಪ್ರಿಲ್ 16

ಗುಬ್ಬಿ,

ಇದೋ ನನ್ನ ಕೈಯಕ್ಷರ. ಸಾಲು ನೆಟ್ಟಗಿದೆಯೋ ಇಲ್ಲವೋ ನೋಡಿಕೋ.

ಆಸ್ಪತ್ರೆಯಲ್ಲಿ ಈ ಸಲ ನಾನು ಹಾಸಿಗೆಯ ಮೇಲೆ, ನಿಮ್ಮಣ್ಣ ಕುರ್ಚಿಯ ಮೇಲೆ. ದಿನಾ ಬೆಳಿಗ್ಗೆ ಹಾಳೆ ಪೆನ್ನು ತಂದು ನನ್ನ ಮುಂದೆ ಹಿಡಿಯುತ್ತಿದ್ದರು. ನೀರಿನಲ್ಲಿ ಅಷ್ಟು ಧೈರ್ಯದ ಮನುಷ್ಯ, ಪೆನ್ನು ಕೊಡುವಾಗ ಕೈ ನಡುಗುತ್ತಿದ್ದದ್ದು ಅವರದ್ದೇ. ಮಗುವನ್ನು ಅತ್ತೆ ಹೊತ್ತು ತರುತ್ತಿದ್ದರು, ಹಾಲು ಕುಡಿಸಿ ಕಳಿಸುತ್ತಿದ್ದೆ.

ಅವರಿಗೆ ಆಗ ಆದ ಸುಸ್ತು ಎಂದರೆ ಏನೆಂದು ನನಗೆ ಈಗ ತಿಳಿಯಿತು. ಮೈಯ ಬಲಗಡೆ ಪಕ್ಕೆಲುಬಿನ ಕೆಳಗೆ ಒಂದು ಭಾರ. ಹೆದರಿಕೆಯಾಗುತ್ತಿತ್ತು, ಮಗುವಿನ ಮುಖ ನೋಡಿದಾಗ ಇನ್ನೂ ಹೆಚ್ಚು. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೇನೋ ಇತ್ತು. ಆ ಭಾರದ ಮೇಲೆ ಕೈಯಿಟ್ಟು ಮಲಗಿ, ಆ ನಾಲ್ಕು ಚುಕ್ಕೆಗಳಂಥವೇ ಅಲ್ಲಿ ಓಡಾಡುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ನಾನು ಅವನ್ನು ಎಬ್ಬಿಸಿದ್ದಲ್ಲ. ಅವಕ್ಕೆ ನಾನು ಗೊತ್ತೂ ಇಲ್ಲ.

ಮಾತ್ರೆ ಮತ್ತೆ ಶುರುವಾಗಿದೆ. ಹಳದಿ ಇಳಿದಿದೆ. ವೈರಸ್ಸಿನ ಸಂಖ್ಯೆ ಅರ್ಧ ಸಾಲಿನಷ್ಟಿದ್ದದ್ದು ನಾಲ್ಕಂಕಿಗೆ ಬಂದಿದೆ. ಅದು ಜೋರಾಗಿರುವಾಗ ರಕ್ತದಲ್ಲಿ ಕಾಣುವ ಒಂದು ಗುರುತು ಹೋಗಿ, ಅದರ ವಿರುದ್ಧದ ಪ್ರತಿಕಾಯ ಬಂದಿದೆಯಂತೆ. ಯಾವತ್ತೂ ನಗದ ವೈದ್ಯೆ ಆ ಹಾಳೆ ತೋರಿಸುವಾಗ ನಕ್ಕರು.

ಗುಣವಾಯಿತೇ ಎಂದು ಅವರನ್ನು ಕೇಳಲಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ.

ಅತ್ತಿಗೆ

*

ಏಪ್ರಿಲ್ 22

ಪ್ರೀತಿಯ ಅತ್ತಿಗೆ,

ಸಾಲು ನೆಟ್ಟಗಿದೆ. ನಾಲ್ಕು ಸಲ ನೋಡಿದೆ.

ಗುಣವಾಗಿಲ್ಲ. ವೈರಸ್ ಇದೆ, ತಪಾಸಣೆಗೆ ಬದುಕಿಡೀ ಹೋಗಬೇಕು. ಆದರೆ ಈಗ ಅದರ ಮೇಲೆ ಕಾವಲಿದೆ.

ಇನ್ನೊಂದು ಹೇಳುತ್ತೇನೆ, ಅಣ್ಣನಿಗೂ ಹೇಳಿ. ಅವನಲ್ಲೂ ಅದು ಪೂರ್ತಿ ಹೋಗಿರುವುದಿಲ್ಲ. ವೈರಸ್ ತನ್ನ ವಂಶವಾಹಿಯ ಒಂದು ಎಳೆಯನ್ನು ಕೆಲವು ಲಿವರ್ ಕೋಶಗಳ ಕೇಂದ್ರದೊಳಗೆ ಸುತ್ತಿ ಬಚ್ಚಿಟ್ಟಿರುತ್ತದೆ, ಯಾವ ಪರೀಕ್ಷೆಗೂ ಸುಲಭವಾಗಿ ಸಿಗದ ಹಾಗೆ. ಗುಣವಾಗಿ ದಶಕಗಳು ಕಳೆದ ಮೇಲೂ ಅಂಥವರ ರಕ್ತದಲ್ಲಿ ಟಿ ಕೋಶಗಳು ಎಚ್ಚರವಾಗಿ ತಿರುಗುತ್ತಿರುತ್ತವೆ. ಅವನು ಈಜುವಾಗ, ಉಣ್ಣುವಾಗ, ಗೊರಕೆ ಹೊಡೆಯುವಾಗಲೂ. ಆರೋಗ್ಯ ಎಂದು ನಾವು ಕರೆಯುವುದು ಒಳಗಿನ ನಿರ್ಮಲ ಶಾಂತಿ ಎಂದುಕೊಂಡಿದ್ದೆ. ಹಾಗಲ್ಲ. ಯಾರೋ ಸದಾ ಎಚ್ಚರವಿದ್ದಾರೆ, ಅದಕ್ಕೇ ನಮಗೆ ತಿಳಿಯುವುದಿಲ್ಲ.

ನೀವಿಬ್ಬರೂ ಈಗ ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಮೊದಲೂ ಉಣ್ಣಬಹುದಿತ್ತು.

ಗುಬ್ಬಿ

*

ನವೆಂಬರ್ 8

ನನ್ನ ಗುಬ್ಬಿ,

ಮಗುವಿನ ರಕ್ತ ಪರೀಕ್ಷೆಯ ಫಲ ನಿನ್ನೆ ಬಂತು. ನಿಮ್ಮಣ್ಣ ಫೋನು ಮಾಡಿ ಹೇಳಿದ್ದಾರೆ, ಗೊತ್ತು. ಆದರೂ ನನ್ನ ಕೈಯಲ್ಲಿ ಬರೆಯಬೇಕು. ವೈರಸ್ ಇಲ್ಲ. ಪ್ರತಿಕಾಯ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಅವಳೇ ತಯಾರಿಸಿಕೊಂಡದ್ದು. ಆ ಹಾಳೆಯನ್ನು ನಾನು ಕರಡು ಓದುವ ಹಾಗೆ ಹಿಂದಿನಿಂದ ಮುಂದಕ್ಕೂ ಒಮ್ಮೆ ಓದಿದೆ. ತಪ್ಪಿರಲಿಲ್ಲ. ನನ್ನ ಅಜ್ಜಿಯಿಂದಲೋ ಅದಕ್ಕೂ ಹಿಂದಿನಿಂದಲೋ ತಾಯಿಯಿಂದ ಮಗಳಿಗೆ ಇಳಿದು ಬಂದದ್ದು ಇಲ್ಲಿಗೆ ನಿಂತಿತು.

ನಾನು ನಿಜವಾಗಿ ಬರೆಯಬೇಕೆಂದಿದ್ದು ಇವತ್ತಿನದ್ದು. ಮಗುವಿಗೆ ನೆಗಡಿ. ಮಧ್ಯಾಹ್ನದ ಹೊತ್ತಿಗೆ ಜ್ವರ ಬಂತು, ಅವಳ ಮೊದಲ ಜ್ವರ. ವೈದ್ಯೆ ಫೋನಿನಲ್ಲಿ, ಇದು ಸಾಮಾನ್ಯ ನೆಗಡಿ, ಹಾಲು ಕುಡಿಯುತ್ತಿದ್ದರೆ ಹೆದರಬೇಡಿ, ಎಷ್ಟು ಏರಿದರೆ ಕರೆತರಬೇಕು ಎಂದೆಲ್ಲ ಹೇಳಿದರು. ಅಷ್ಟು ಏರಲಿಲ್ಲ. ಅವಳನ್ನು ಎದೆಯ ಮೇಲೆ ಕವುಚಿ ಮಲಗಿಸಿಕೊಂಡು ಕಿಟಕಿಯ ಪಕ್ಕ ಕೂತೆ. ಅವಳ ಬಿಸಿ ನನ್ನ ಬಟ್ಟೆ ದಾಟಿ ಚರ್ಮಕ್ಕೆ ತಾಗುತ್ತಿತ್ತು. ಅತ್ತೆ ಒದ್ದೆ ಬಟ್ಟೆ ಹಿಡಿದು ಗಾಬರಿಯಿಂದ ಬಂದರು.

“ಒಂದು ನಿಮಿಷ ತಡೀರಿ ಅತ್ತೆ” ಎಂದೆ. “ಇಲ್ಲಿ ಕೈ ಇಟ್ಟು ನೋಡಿ.”

ಅತ್ತೆ ಬಟ್ಟೆಯನ್ನು ಬಟ್ಟಲಿಗೆ ಹಾಕಿ, ಒದ್ದೆ ಕೈ ಒರೆಸಿಕೊಂಡು, ಮೊಮ್ಮಗಳ ಬೆನ್ನ ಮೇಲೆ ಅಂಗೈ ಇಟ್ಟರು. ಅದರ ಪಕ್ಕದಲ್ಲಿ ನನ್ನ ಅಂಗೈ ಇತ್ತು. ಎರಡು ಅಂಗೈಗಿಂತ ಸ್ವಲ್ಪವೇ ದೊಡ್ಡ ಬೆನ್ನು.

“ಏನು?” ಎಂದರು.

“ಕೆಲಸ ಮಾಡ್ತಿದಾವೆ.”

ಯಾವುವು ಎಂದು ಅತ್ತೆ ಕೇಳಲಿಲ್ಲ. ಬಹಳ ಹೊತ್ತು ನಾವಿಬ್ಬರೂ ಕೈ ತೆಗೆಯದೆ, ಆ ಬಿಸಿಯನ್ನು ಕೇಳುತ್ತ ಕೂತಿದ್ದೆವು.

ಅತ್ತಿಗೆ